ಇಂಗ್ಲಿಷಿನ ತಪ್ಪುಗಳೂ ಅವನ್ನು ಕಂಡು ಕೆರಳುವವರೂ

ಇಂಗ್ಲಿಷ್ ಬರಹದಲ್ಲಿ ಕಾಗುಣಿತವೋ ವ್ಯಾಕರಣವೋ ಒಂದಿಷ್ಟು ಜಾರಿದರೆ ಸಾಕು, ಮೈಮೇಲೆ ಕೆಂಡ ಬಿದ್ದವರಂತೆ ಚಡಪಡಿಸುವ ಜನರ ಒಂದು ಪಂಗಡವೇ ಲೋಕದಲ್ಲುಂಟು. ಅಂಥವರು ಇಂಗ್ಲೆಂಡಿನಲ್ಲಿದ್ದಾರೆ, ಅಮೆರಿಕೆಯಲ್ಲಿದ್ದಾರೆ; ಆ ಭಾಷೆ ಮನೆಯ ಮಾತಲ್ಲದ ನಮ್ಮ ನಾಡಿನಲ್ಲಂತೂ ಇನ್ನೂ ಹೆಚ್ಚಾಗಿದ್ದಾರೆ. ತಪ್ಪನ್ನು ತಪ್ಪೆನ್ನುವುದು ದೋಷವಲ್ಲ; ದಿನವೂ ಕರಡು ತಿದ್ದಿ ಹೊಟ್ಟೆ ಹೊರೆಯುವ ನಾವು ಅದನ್ನು ದೋಷವೆಂದು ಹೇಳಲಾರೆವು. ಆದರೆ ಯಾವ ತಪ್ಪಿಗೆ ಎಷ್ಟು ಕೋಪ ಸಲ್ಲುತ್ತದೆ, ಆ ಕೋಪವು ಭಾಷೆಯ ಮೇಲಣ ಪ್ರೀತಿಯಿಂದ ಹುಟ್ಟಿದುದೋ ಎದುರಿಗಿರುವವನನ್ನು ಕೆಳಗೆ ಕೂರಿಸುವ ಆಸೆಯಿಂದ ಹುಟ್ಟಿದುದೋ ಎಂಬುದನ್ನು ವಿಚಾರಿಸಿ ನೋಡುವುದು ಅವಶ್ಯವಾಗಿದೆ. ಏಕೆಂದರೆ ಇಂಗ್ಲೆಂಡಿನಲ್ಲಿ ಇಂಥ ತಪ್ಪು ಬಹುಮಟ್ಟಿಗೆ ಹರಟೆಯ ವಸ್ತು. ಇಲ್ಲಿಯಾದರೋ ಅದು ಒಬ್ಬನ ಅನ್ನದ ಪ್ರಶ್ನೆಯಾಗುವುದುಂಟು.

ಮೊದಲು ಆ ದೇಶದ ಕೋಪವನ್ನೇ ನೋಡೋಣ. ಪತ್ರಿಕಾ ಕಚೇರಿಯಲ್ಲಿ ದುಡಿದು ನಿವೃತ್ತರಾದ ಜಾನ್ ರಿಚರ್ಡ್ಸ್ ಎಂಬವರು 2001ರಲ್ಲಿ ಇಂಗ್ಲೆಂಡಿನಲ್ಲಿ ಅಪಾಸ್ಟ್ರಫಿ ಚಿಹ್ನೆಯ ಸಂರಕ್ಷಣೆಗೆಂದೇ ಒಂದು ಸಂಘವನ್ನು ಸ್ಥಾಪಿಸಿದರು. ಅಕ್ಷರದ ನೆತ್ತಿಯ ಪಕ್ಕದಲ್ಲಿ ತೂಗುವ ಆ ಸಣ್ಣ ಕೊಂಡಿಯನ್ನು ವಾಚಕರು ಬಲ್ಲರು. ಒಂದು ಅಕ್ಷರ ಬಿಟ್ಟುಹೋಗಿದೆ ಎಂದು ತೋರಿಸುವುದಕ್ಕೂ, ಇದು ಇಂಥವರದು ಎಂಬ ಷಷ್ಠಿಯ ಅರ್ಥಕ್ಕೂ ಅದು ಬರುತ್ತದೆ. ಬಹುವಚನಕ್ಕೆ ಅದರ ಅಗತ್ಯವಿಲ್ಲ. ಆದರೆ ಇಂಗ್ಲೆಂಡಿನ ತರಕಾರಿ ಅಂಗಡಿಯವನು ಆಲೂಗೆಡ್ಡೆ, ಬಾಳೆಹಣ್ಣು, ಸೇಬು ಎಲ್ಲದರ ಬಹುವಚನಕ್ಕೂ ಈ ಕೊಂಡಿಯನ್ನು ಸಿಕ್ಕಿಸಿ ಹಲಗೆ ಬರೆಯುತ್ತಾನೆ. ಅದಕ್ಕೆ ‘ತರಕಾರಿಯವನ ಅಪಾಸ್ಟ್ರಫಿ’ ಎಂದೇ ಹೆಸರಾಗಿಹೋಗಿದೆ. ರಿಚರ್ಡ್ಸರ ಪ್ರಯತ್ನಕ್ಕೆ ಅದೇ ವರ್ಷ, ನಗಿಸಿ ಯೋಚನೆಗೆ ಹಚ್ಚುವ ಕಾರ್ಯಗಳಿಗೆ ಕೊಡುವ ಇಗ್ ನೊಬೆಲ್ ಪಾರಿತೋಷಕ ದೊರೆಯಿತು. 2003ರಲ್ಲಿ ಲಿನ್ ಟ್ರಸ್ ಎಂಬ ಲೇಖಕಿ ವಿರಾಮಚಿಹ್ನೆಗಳನ್ನು ಕುರಿತು ಬರೆದ ಕೋಪಭರಿತವಾದ ಪುಸ್ತಕವು ಕಾದಂಬರಿಗಳಿಗೂ ದುರ್ಲಭವಾದಷ್ಟು ಮಾರಾಟವಾಯಿತು. ಕಡೆಗೆ 2019ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ, ರಿಚರ್ಡ್ಸರು ಅಜ್ಞಾನಕ್ಕೂ ಸೋಮಾರಿತನಕ್ಕೂ ಜಯವಾಯಿತೆಂದು ಸಾರಿ ಸಂಘದ ಬಾಗಿಲು ಮುಚ್ಚಿದರು. ಆ ಮೇಲೆ ಬೇರೆಯವರು ಅದನ್ನು ಎತ್ತಿಕೊಂಡರೆಂಬುದು ಬೇರೆ ಮಾತು. ಒಂದು ಸಣ್ಣ ಕೊಂಡಿಗಾಗಿ ಹದಿನೆಂಟು ವರ್ಷ ಹೋರಾಡಿದ ವೃದ್ಧರನ್ನು ಕಂಡು ನಗುವವರು ನಗಲಿ. ನಮಗೆ ಅವರಲ್ಲಿ ಗೌರವವೇ ಉಂಟು. ಕನ್ನಡದ ಒಂದು ಒತ್ತಕ್ಷರಕ್ಕಾಗಿ ಅಷ್ಟು ಕಾಲ ಹಟ ಹಿಡಿದ ಒಬ್ಬ ಮಹನೀಯರನ್ನು ನಾವು ಇನ್ನೂ ಕಾಣಬೇಕಾಗಿದೆ.

ಆಂಗ್ಲರನ್ನು ಕೆರಳಿಸುವ ಉಳಿದ ತಪ್ಪುಗಳೂ ಹೆಚ್ಚುಕಡಮೆ ಇದೇ ಜಾತಿಯವು. ‘ಅದರ’ ಎಂಬ ಅರ್ಥದ ‘ಇಟ್ಸ್’ಗೆ ಕೊಂಡಿಯಿಲ್ಲ, ‘ಅದು ಇದೆ’ ಎಂಬರ್ಥದ ‘ಇಟ್ಸ್’ಗೆ ಕೊಂಡಿ ಉಂಟು. ಜನರು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬರೆಯುತ್ತಾರೆ. ‘ಅಲ್ಲಿ’, ‘ಅವರ’, ‘ಅವರು ಇದ್ದಾರೆ’ ಎಂಬ ಮೂರು ಅರ್ಥಗಳಿಗೂ ಕಿವಿಗೆ ಕೇಳುವುದು ‘ದೇರ್’ ಎಂಬ ಒಂದೇ ಸದ್ದು. ಬರಹದಲ್ಲಿ ಮೂರು ರೂಪ. ‘ಕುಡ್ ಹ್ಯಾವ್’ ಎಂಬುದನ್ನು ವೇಗವಾಗಿ ಆಡುವಾಗ ‘ಕುಡ್ ಆಫ್’ ಎಂದಂತೆ ಕೇಳುವುದರಿಂದ ಹಾಗೆಯೇ ಬರೆಯುವವರು ಲಕ್ಷೋಪಲಕ್ಷ. ಇಲ್ಲಿ ಒಂದು ಸ್ವಾರಸ್ಯವುಂಟು. ಇವೆಲ್ಲವೂ ತಾಯಿಯ ತೊಡೆಯ ಮೇಲೆ ಇಂಗ್ಲಿಷ್ ಕಲಿತವನ ತಪ್ಪುಗಳು, ಕಿವಿಯಿಂದ ಕೈಗೆ ಇಳಿದ ತಪ್ಪುಗಳು. ಪುಸ್ತಕದಿಂದ ಭಾಷೆಯನ್ನು ಕಲಿತ ನಮ್ಮ ಧಾರವಾಡದ ಹುಡುಗನೋ ಹಾಸನದ ಹುಡುಗಿಯೋ ‘ಕುಡ್ ಆಫ್’ ಎಂದು ಬರೆಯುವುದು ಅಪರೂಪ. ನಮ್ಮವರ ತಪ್ಪುಗಳ ದಾರಿಯೇ ಬೇರೆ. ಅದಕ್ಕೆ ಮುಂದೆ ಬರುತ್ತೇವೆ.

ಎಣಿಸಬಹುದಾದುದಕ್ಕೆ ‘ಫ್ಯೂಯರ್’, ಎಣಿಸಲಾಗದುದಕ್ಕೆ ‘ಲೆಸ್’ ಎಂಬ ನಿಯಮವೊಂದಿದೆ. ಬ್ರಿಟನ್ನಿನ ದೊಡ್ಡ ಅಂಗಡಿಗಳಲ್ಲಿ ಹತ್ತಕ್ಕೆ ಮೀರದ ಸಾಮಾನುಗಳನ್ನು ಕೊಂಡವರು ಬೇಗ ಹಣ ತೆತ್ತು ಹೋಗಲೆಂದು ಬೇರೆ ಸಾಲು ಇರುತ್ತದೆ. ಅಲ್ಲಿ ತೂಗುಹಾಕಿದ ಫಲಕದಲ್ಲಿ ‘ಲೆಸ್’ ಎಂದಿದ್ದುದು ವ್ಯಾಕರಣಾಭಿಮಾನಿಗಳ ಕಣ್ಣಿನ ಕಸವಾಗಿತ್ತು. 2008ರಲ್ಲಿ ಟೆಸ್ಕೊ ಎಂಬ ವ್ಯಾಪಾರ ಸಂಸ್ಥೆ ಅದನ್ನು ತೆಗೆದು ‘ಹತ್ತರವರೆಗೆ’ ಎಂಬರ್ಥದ ಬೇರೆ ಮಾತನ್ನು ಬರೆಯಿಸಿ ವ್ಯಾಜ್ಯದಿಂದ ಪಾರಾಯಿತು. ವ್ಯಾಪಾರಿಗೆ ವ್ಯಾಕರಣಕ್ಕಿಂತ ಗಿರಾಕಿಯ ಸಮಾಧಾನ ಮುಖ್ಯವೆಂಬುದು ಸರ್ವವಿದಿತ.

ಇನ್ನು ಈ ನಿಯಮಗಳು ಎಲ್ಲಿಂದ ಬಂದುವು? ವೇದದಂತೆ ಅಪೌರುಷೇಯವೇನೂ ಅಲ್ಲ. ‘ಲೆಸ್’, ‘ಫ್ಯೂಯರ್’ ಭೇದವನ್ನು 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ತನ್ನ ಅಭಿರುಚಿಯೆಂದು ಸೂಚಿಸಿದ. ಅದಕ್ಕೆ ಮುಂಚೆ ಶತಮಾನಗಳ ಕಾಲ ಆಂಗ್ಲರು ಎರಡಕ್ಕೂ ‘ಲೆಸ್’ ಎನ್ನುತ್ತಿದ್ದರು. ಒಬ್ಬನ ಅಭಿರುಚಿ ಮುಂದಿನವರ ಕೈಯಲ್ಲಿ ಶಾಸನವಾಯಿತು. ವಾಕ್ಯದ ಕೊನೆಗೆ ‘ಟು’, ‘ವಿತ್’ ಮೊದಲಾದ ಉಪಸರ್ಗಗಳು ಬರಕೂಡದೆಂಬ ಕಟ್ಟಳೆಯ ಬೀಜ 1672ರಲ್ಲಿ ಕವಿ ಡ್ರೈಡನ್ನನು ಬೆನ್ ಜಾನ್ಸನ್ನನ ಮೇಲೆ ಹೊರಿಸಿದ ಆಕ್ಷೇಪಣೆಯಲ್ಲಿದೆ. ಲ್ಯಾಟಿನ್ನಿನಲ್ಲಿ ಹಾಗೆ ಬರಲಾರದಾದುದರಿಂದ ಇಂಗ್ಲಿಷಿನಲ್ಲೂ ಬರಬಾರದೆಂಬುದೇ ಅಂದಿನ ಪಂಡಿತರ ತರ್ಕ. 1762ರಲ್ಲಿ ವ್ಯಾಕರಣ ಬರೆದು ಮುಂದೆ ಲಂಡನ್ನಿನ ಬಿಷಪ್ಪನಾದ ರಾಬರ್ಟ್ ಲೌತ್ ಈ ವಿಷಯವನ್ನು ವಿವರಿಸುತ್ತ, ಇಂಥ ಪ್ರಯೋಗದ ಕಡೆಗೆ ನಮ್ಮ ಭಾಷೆಗೆ ಒಲವು ಹೆಚ್ಚೆಂದು ಹೇಳುವ ಆ ವಾಕ್ಯವನ್ನೇ ಉಪಸರ್ಗದಿಂದ ಮುಗಿಸಿದ್ದಾನೆ. ಬೇಕೆಂದು ಮಾಡಿದ ವಿನೋದವೋ ಏನೋ; ಆದರೆ ಅವನ ಪುಸ್ತಕವನ್ನು ಗಿಳಿಪಾಠ ಒಪ್ಪಿಸಿದವರಿಗೆ ಆ ವಿನೋದ ಕಾಣಲಿಲ್ಲ.

‘ಇಟ್ಸ್’ನ ವೃತ್ತಾಂತವಂತೂ ಇನ್ನೂ ವಿಚಿತ್ರವಾದುದು. ‘ಅದರ’ ಎಂಬರ್ಥದಲ್ಲಿ ಆ ಪದ ಹುಟ್ಟಿದುದೇ 16ನೆಯ ಶತಮಾನದ ಕೊನೆಯಲ್ಲಿ. ಹುಟ್ಟಿದಾಗಲೇ ಅದಕ್ಕೆ ಕೊಂಡಿಯಿತ್ತು; 18ನೆಯ ಶತಮಾನದಲ್ಲಿಯೂ ವಿದ್ಯಾವಂತರು ಕೊಂಡಿಯೊಡನೆ ಬರೆಯುತ್ತಿದ್ದುದುಂಟು. ಅಂದಿನ ಸದಾಚಾರವೇ ಇಂದಿನ ಅನಾಚಾರ. ‘ಬಿಟ್ವೀನ್ ಯೂ ಅಂಡ್ ಐ’ ಎಂದು ಇಂದು ಬರೆದವನು ವಿಭಕ್ತಿಜ್ಞಾನವಿಲ್ಲದವನೆನಿಸಿಕೊಳ್ಳುತ್ತಾನೆ. ‘ವೆನಿಸಿನ ವರ್ತಕ’ದಲ್ಲಿ ಆಂಟೋನಿಯೊ ತನ್ನ ಗೆಳೆಯನಿಗೆ ಬರೆದ ಓಲೆಯಲ್ಲಿ ಷೇಕ್ಸ್‌ಪಿಯರ್ ಅದನ್ನೇ ಬರೆದಿದ್ದಾನೆ. ಆ ಮಹಾಕವಿಯ ಸಹಿಗಳು ಉಳಿದಿರುವುದು ಆರು. ಅವುಗಳಲ್ಲಿ ಅವನ ಹೆಸರಿನ ಕಾಗುಣಿತ ಬೇರೆ ಬೇರೆ, ಈಗ ನಾವು ಸರಿಯೆಂದು ಕಲಿಸುವ ರೂಪದಲ್ಲಿ ಒಂದೂ ಇಲ್ಲ. ತನ್ನ ಹೆಸರನ್ನೇ ಒಂದು ರೀತಿಯಾಗಿ ಬರೆಯದವನನ್ನು ನಮ್ಮ ಯಾವ ಕಚೇರಿಯೂ ಗುಮಾಸ್ತೆಯಾಗಿ ತೆಗೆದುಕೊಳ್ಳುತ್ತಿರಲಿಲ್ಲ.

ಕಾಗುಣಿತಕ್ಕೆ ಬರೋಣ. ನಮ್ಮ ಮಕ್ಕಳನ್ನು ಅಳಿಸುವುದು ವ್ಯಾಕರಣಕ್ಕಿಂತ ಹೆಚ್ಚಾಗಿ ಇದೇ. ಸಾಲ ಎಂಬರ್ಥದ ‘ಡೆಟ್’ ಪದದಲ್ಲಿ ಬಾಯಿಗೆ ಬಾರದ ‘ಬಿ’ ಏಕೆ ಕುಳಿತಿದೆ? ಫ್ರೆಂಚಿನಿಂದ ಬಂದಾಗ ಅದು ಇರಲಿಲ್ಲ. ಲ್ಯಾಟಿನ್ ಮೂಲದಲ್ಲಿ ‘ಬಿ’ ಇತ್ತೆಂದು ನೆನಪಿಸಿಕೊಂಡ ಪಂಡಿತರು ತಮ್ಮ ವಿದ್ವತ್ತಿನ ಮುದ್ರೆಯಾಗಿ ಅದನ್ನು ತುರುಕಿದರು. ರಸೀದಿ ಎಂಬರ್ಥದ ‘ರಿಸೀಟ್’ನಲ್ಲಿ ‘ಪಿ’ ಸೇರಿದ್ದೂ ಹೀಗೆಯೇ. ದ್ವೀಪ ಎಂಬರ್ಥದ ‘ಐಲೆಂಡ್’ನ ಕಥೆ ಇನ್ನೂ ಸೊಗಸು. ಅದು ಅಚ್ಚ ಇಂಗ್ಲಿಷಿನ ಹಳೆಯ ಪದ, ಲ್ಯಾಟಿನ್ನಿಗೆ ಅದರ ಸಂಬಂಧವೇ ಇಲ್ಲ. ಆದರೂ ಲ್ಯಾಟಿನ್ನಿನ ‘ಇನ್ಸುಲಾ’ ಇದರ ತಾಯಿಯೆಂದು ಭ್ರಮಿಸಿ ನಡುವೆ ಒಂದು ‘ಎಸ್’ ಕೂರಿಸಿದರು. ಪಂಡಿತರು ಮಾಡಿದ ಆ ತಪ್ಪನ್ನು ನಾಲ್ಕು ಶತಮಾನಗಳಿಂದ ಲೋಕದ ಮಕ್ಕಳೆಲ್ಲರೂ ಬಾಯಿಪಾಠ ಮಾಡುತ್ತಿದ್ದಾರೆ. ಅದನ್ನು ಬಿಟ್ಟು ಸರಿಯಾಗಿ ಬರೆದ ಮಗುವಿಗೆ ಅಂಕ ಕಳೆಯುತ್ತಾರೆ! 1755ರಲ್ಲಿ ಪ್ರಕಟವಾದ ಡಾಕ್ಟರ್ ಜಾನ್ಸನ್ನನ ಮಹಾಕೋಶವು ಇಂಥ ರೂಪಗಳಿಗೆ ಬೀಗಮುದ್ರೆ ಹಾಕಿತು. ಒಂದೇ ಮೂಲದಿಂದ ಬಂದ ‘ರಿಸೀಟ್’ಗೆ ಆತ ‘ಪಿ’ ಕೊಟ್ಟ, ‘ಡಿಸೀಟ್’ಗೆ ಕೊಡಲಿಲ್ಲ. ಇಂದಿಗೂ ಹಾಗೆಯೇ ಬರೆಯುತ್ತೇವೆ. ಒಬ್ಬ ಹೆಂಡತಿಯ ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಜನಿವಾರ ಹಾಕಿದಂತಾಯಿತು.

ಇದಕ್ಕೆ ಮೊದಲೇ ಅಚ್ಚುಕೂಟವೂ ತನ್ನ ಕೈ ತೋರಿಸಿತ್ತು. 1476ರಲ್ಲಿ ಕ್ಯಾಕ್ಸ್ಟನ್ ಎಂಬಾತ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ತೆರೆದ. ಆತ ಫ್ಲಾಂಡರ್ಸಿನ ಬ್ರೂಜ್ ನಗರದಲ್ಲಿ ಈ ಕಸುಬು ನಡೆಸಿ ಬಂದವನು. ದೆವ್ವ ಎಂಬರ್ಥದ ‘ಘೋಸ್ಟ್’ ಪದದೊಳಗೆ ಕಾರಣವಿಲ್ಲದೆ ‘ಎಚ್’ ಹೊಕ್ಕಿದ್ದು ಆ ಸೀಮೆಯ ಬರವಣಿಗೆಯ ವಾಸನೆಯಿಂದ. ಬರಹವು ಅಚ್ಚಿನಲ್ಲಿ ಗಟ್ಟಿಗೊಳ್ಳುತ್ತಿದ್ದ ಆ ಕಾಲದಲ್ಲಿಯೇ ಬಾಯಿಯ ಮಾತು ಕರಗಿ ಬೇರೆ ಎರಕಕ್ಕೆ ಹೋಗುತ್ತಿತ್ತು. 15ನೆಯ ಶತಮಾನದಿಂದ 17ನೆಯ ಶತಮಾನದವರೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲವೂ ಸ್ಥಾನಪಲ್ಲಟಗೊಂಡುವು. ‘ನೈಫ್’ನಲ್ಲಿಯೂ ‘ನೈಟ್’ನಲ್ಲಿಯೂ ಮೊದಲಿಗಿರುವ ‘ಕೆ’ಯನ್ನು ಒಂದು ಕಾಲದಲ್ಲಿ ಬಾಯಿ ತುಂಬ ಉಚ್ಚರಿಸುತ್ತಿದ್ದರು. ಸದ್ದು ಸತ್ತಿತು, ಅಕ್ಷರ ಉಳಿಯಿತು. ಆದಕಾರಣ ಇಂಗ್ಲಿಷಿನ ಕಾಗುಣಿತವೆಂಬುದು ಸತ್ತವರ ಹೆಸರನ್ನು ತೆಗೆಯದೆ ಇಟ್ಟ ಮನೆಯ ಪಡಿತರದ ಚೀಟಿಯಂತಿದೆ.

ನಮ್ಮಲ್ಲಿಯೂ ಇಂಥ ಸಂದರ್ಭ ಬಾರದೆ ಇರಲಿಲ್ಲ. ಹಳಗನ್ನಡದ ‘ಪಾಲು’ ‘ಹಾಲು’ ಆದಾಗ ನಾವು ಬರಹವನ್ನೂ ತಿದ್ದಿಕೊಂಡೆವು. ‘ಪುಲಿ’ ‘ಹುಲಿ’ಯಾದಾಗಲೂ ತಿದ್ದಿಕೊಂಡೆವು. ೞಕಾರದ ಉಚ್ಚಾರ ಬಾಯಿಂದ ಜಾರತೊಡಗಿದ ಕಾಲದಲ್ಲಿ, 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಆ ಅಕ್ಷರವುಳ್ಳ ಶಬ್ದಗಳನ್ನು ಪಟ್ಟಿ ಮಾಡಿಕೊಟ್ಟ. ಜನ ತಪ್ಪದೆ ಬರೆಯುತ್ತಿದ್ದರೆ ಪಟ್ಟಿಯ ಅಗತ್ಯವೇನಿತ್ತು? ಅಂದರೆ ಕಾಗುಣಿತದ ತಪ್ಪನ್ನು ಕಂಡು ಮನಸ್ಸು ಕಹಿಮಾಡಿಕೊಂಡವರ ಪರಂಪರೆಯಲ್ಲಿ ನಮ್ಮ ಕೇಶಿರಾಜನು ರಿಚರ್ಡ್ಸರಿಗಿಂತ ಏಳು ಶತಮಾನಗಳಷ್ಟು ಹಿರಿಯ. ಆದರೂ ಆ ಅಕ್ಷರ ಉಳಿಯಲಿಲ್ಲ. ‘ಬಾೞೆ’ ‘ಬಾಳೆ’ಯಾಯಿತು, ಱಕಾರವೂ ಅದೇ ಹಾದಿ ಹಿಡಿಯಿತು. ಅದರಿಂದ ಕನ್ನಡಕ್ಕೆ ಕೊಂಚ ನಷ್ಟವಾದುದು ನಿಜ. ಪಂಪನನ್ನು ಓದುವವನು ಆ ನಷ್ಟವನ್ನು ಬಲ್ಲ. ಆದರೆ ಕನ್ನಡದ ಮಗು ಅಕ್ಷರಮಾಲೆಯನ್ನೂ ಒತ್ತುಗಳನ್ನೂ ಕಲಿತ ಮೇಲೆ ಕಂಡ ಪದವನ್ನೆಲ್ಲ ಓದಬಲ್ಲುದು. ಆಂಗ್ಲ ಮಗುವಿಗೆ ಆ ಸೌಭಾಗ್ಯವಿಲ್ಲ.

ಆಂಗ್ಲರಲ್ಲಿಯೂ ಇದನ್ನು ತಿದ್ದಬೇಕೆಂದು ಹೊರಟವರಿದ್ದರು. ಅಮೆರಿಕೆಯ ನೋವಾ ವೆಬ್‌ಸ್ಟರ್ 1828ರ ತನ್ನ ನಿಘಂಟಿನಿಂದ ‘ಕಲರ್’ ಮೊದಲಾದ ಪದಗಳ ಒಂದೊಂದು ಅಕ್ಷರವನ್ನು ಕಳಚಿ ಗೆದ್ದ. ಅದಕ್ಕಿಂತ ಹೆಚ್ಚು ಕಳಚಹೋದಲ್ಲಿ ಸೋತ. 1906ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮುನ್ನೂರು ಪದಗಳ ಕಾಗುಣಿತವನ್ನು ಸರಳಗೊಳಿಸಿ ಮುದ್ರಿಸುವಂತೆ ಸರಕಾರೀ ಮುದ್ರಣಾಲಯಕ್ಕೆ ಆಜ್ಞೆ ಮಾಡಿ, ಪತ್ರಿಕೆಗಳ ಪರಿಹಾಸ್ಯಕ್ಕೂ ಶಾಸನಸಭೆಯ ವಿರೋಧಕ್ಕೂ ಗುರಿಯಾಗಿ ಅದೇ ವರ್ಷ ಹಿಂತೆಗೆದುಕೊಂಡ. ಬರ್ನಾರ್ಡ್ ಷಾ ತನ್ನ ಮರಣಶಾಸನದಲ್ಲಿ ಹೊಸ ಲಿಪಿಗೆಂದು ಹಣ ತೆಗೆದಿಟ್ಟ. 1962ರಲ್ಲಿ ಅವನ ಒಂದು ನಾಟಕ ಆ ಲಿಪಿಯಲ್ಲಿ ಅಚ್ಚಾಯಿತು, ಅಲ್ಲಿಗೆ ಮುಗಿಯಿತು. ಅಂದ ಹಾಗೆ, ಜಿ-ಎಚ್-ಓ-ಟಿ-ಐ ಎಂದು ಬರೆದು ‘ಫಿಷ್’ ಎಂದು ಓದಬಹುದೆಂಬ ಚಮತ್ಕಾರವನ್ನು ನಮ್ಮ ಮೇಷ್ಟರೆಲ್ಲರೂ ಷಾನ ತಲೆಗೆ ಕಟ್ಟುತ್ತಾರೆ. ‘ಇನಫ್’ನ ಕೊನೆಯಿಂದ ಫಕಾರ, ‘ವಿಮೆನ್’ನ ನಡುವಿನಿಂದ ಇಕಾರ, ‘ನೇಷನ್’ನಿಂದ ಷಕಾರ; ಲೆಕ್ಕ ಸರಿಯೇ. ಆದರೆ ಅದು ಷಾ ಹುಟ್ಟುವುದಕ್ಕೆ ಮುಂಚೆಯೇ, 1855ರ ಒಂದು ಪತ್ರದಲ್ಲಿ ಕಾಣಿಸಿಕೊಂಡಿದೆ.

ಇಷ್ಟು ಹೇಳಿದ ಮೇಲೆ, ಹಾಗಾದರೆ ಹೇಗೆ ಬರೆದರೂ ನಡೆದೀತೆ ಎಂದು ವಾಚಕರು ಕೇಳಬಹುದು. ಎಂದಿಗೂ ಇಲ್ಲ. ಪಾಠಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಮಹಾಭಾಷ್ಯದ ಇಂದ್ರಶತ್ರುವಿನ ಪ್ರಸಂಗವನ್ನು ಕೇಳಿರುತ್ತಾರೆ. ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ತ್ವಷ್ಟೃವು ಯಜ್ಞ ಮಾಡಿದಾಗ ‘ಇಂದ್ರಶತ್ರು’ ಎಂಬ ಶಬ್ದದ ಸ್ವರ ತಪ್ಪಿತು. ಸಮಾಸವೇ ಬೇರೆಯಾಗಿ, ‘ಇಂದ್ರನನ್ನು ಕೊಲ್ಲುವವನು’ ಎಂಬುದು ‘ಇಂದ್ರನಿಂದ ಕೊಲ್ಲಲ್ಪಡುವವನು’ ಎಂದಾಯಿತು. ಹುಟ್ಟಿದ ವೃತ್ರನು ಸತ್ತ. ಒಂದು ಸ್ವರದ ಬೆಲೆ ಅಷ್ಟು.

ಇದು ಪುರಾಣವೆನ್ನುವವರಿಗೆ ಇತ್ತೀಚಿನ ನಿದರ್ಶನ ಬೇಕಾದರೆ ಬ್ರಿಟನ್ನಿನಲ್ಲಿಯೇ ಇದೆ. ಕಾರ್ಡಿಫ್ ನಗರದಲ್ಲಿ ‘ಟೇಲರ್ ಅಂಡ್ ಸನ್ಸ್’ ಎಂಬ ನೂರು ವರ್ಷಕ್ಕೆ ಮೀರಿದ ಯಂತ್ರಶಿಲ್ಪದ ಕಂಪನಿಯಿತ್ತು. ‘ಟೇಲರ್ ಅಂಡ್ ಸನ್’ ಎಂಬ ಬೇರೊಂದು ಕಂಪನಿ ದಿವಾಳಿಯೆದ್ದಿತು. 2009ರಲ್ಲಿ ಅಲ್ಲಿನ ಸರಕಾರೀ ಕಂಪನಿ ದಾಖಲೆಗಳ ಕಚೇರಿಯವರು ಒಂದು ‘ಎಸ್’ ಅಕ್ಷರವನ್ನು ಗಮನಿಸದೆ, ದಿವಾಳಿಯ ವಿಷಯವನ್ನು ಗಟ್ಟಿಯಾಗಿದ್ದ ಕಂಪನಿಯ ಹೆಸರಿನ ಕೆಳಗೆ ಬರೆದರು. ಕೆಲವೇ ದಿನಗಳಲ್ಲಿ ತಿದ್ದಿದರೂ ಸುದ್ದಿ ಅಷ್ಟರೊಳಗೆ ಸಾಲಗಾರರ ಕಿವಿ ಮುಟ್ಟಿತ್ತು. ಸರಕು ಕೊಡುವವರು ಕೈ ತಡೆದರು, ಗಿರಾಕಿಗಳು ಹಿಂದೆಗೆದರು. ಸುಮಾರು 250 ಜನರಿಗೆ ಅನ್ನ ಕೊಡುತ್ತಿದ್ದ ಕಂಪನಿ ಮುಳುಗಿತು. 2015ರಲ್ಲಿ ಲಂಡನ್ನಿನ ಹೈಕೋರ್ಟು ಆ ಕಚೇರಿಯೇ ಹೊಣೆಯೆಂದು ತೀರ್ಪಿತ್ತಿತು. ಅಮೆರಿಕೆಯ ಮೇನ್ ಸಂಸ್ಥಾನದಲ್ಲಿ ಹಾಲಿನ ಡೈರಿಯೊಂದರ ಚಾಲಕರಿಗೂ ಯಜಮಾನರಿಗೂ ನಡೆದ ವ್ಯಾಜ್ಯವೂ ಹೀಗೆಯೇ. ಹೆಚ್ಚು ಹೊತ್ತಿನ ದುಡಿಮೆಗೆ ಹೆಚ್ಚು ಕೂಲಿ ಸಲ್ಲದ ಕೆಲಸಗಳ ಪಟ್ಟಿಯೊಂದು ಕಾನೂನಿನಲ್ಲಿತ್ತು. ಅದರ ಕೊನೆಯಲ್ಲಿ ‘ಸಾಗಾಣಿಕೆಗೋ ವಿತರಣೆಗೋ ಕಟ್ಟುವುದು’ ಎಂಬರ್ಥದ ಮಾತು, ನಡುವೆ ಅಲ್ಪವಿರಾಮವಿಲ್ಲ. ವಿರಾಮವಿದ್ದಿದ್ದರೆ ವಿತರಣೆಯೇ ಒಂದು ಬೇರೆ ಕೆಲಸವಾಗುತ್ತಿತ್ತು. ಇಲ್ಲದುದರಿಂದ ಕಟ್ಟುವ ಕೆಲಸಕ್ಕೆ ಮಾತ್ರ ಅನ್ವಯಿಸುತ್ತದೆ, ನಾವಾದರೋ ಕಟ್ಟುವವರಲ್ಲ, ಹಂಚುವವರು ಎಂದು ಚಾಲಕರು ವಾದಿಸಿದರು. 2017ರಲ್ಲಿ ಮೇಲಣ ನ್ಯಾಯಾಲಯ ಅವರ ಪಕ್ಷವನ್ನು ಎತ್ತಿಹಿಡಿಯಿತು; ಮರುವರ್ಷ 50 ಲಕ್ಷ ಡಾಲರುಗಳಿಗೆ ರಾಜಿಯಾಯಿತು.

ಈ ಎರಡು ಪ್ರಕರಣಗಳಲ್ಲಿಯೂ ಯಾವ ತರಕಾರಿಯವನೂ ಇಲ್ಲ, ಯಾವ ಅನಕ್ಷರಸ್ಥನೂ ಇಲ್ಲ. ತಪ್ಪಿದವರು ಕಲಿತವರು, ಅಧಿಕಾರದ ಕುರ್ಚಿಯಲ್ಲಿದ್ದವರು. ಅಂಗಡಿಯ ಹಲಗೆಯ ಮೇಲೆ ಆಲೂಗೆಡ್ಡೆಗೆ ಕೊಂಡಿ ಸಿಕ್ಕಿಸಿದ್ದರೂ ಗಿರಾಕಿ ಆಲೂಗೆಡ್ಡೆಯನ್ನೇ ಕೊಳ್ಳುತ್ತಾನೆ. ಆಲೂಗೆಡ್ಡೆಯೆಂದಾಗ ನೆನಪಾಗುತ್ತದೆ: 1992ರ ಜೂನಿನಲ್ಲಿ ಅಮೆರಿಕೆಯ ಉಪಾಧ್ಯಕ್ಷ ಡಾನ್ ಕ್ವೇಲ್ ನ್ಯೂಜೆರ್ಸಿಯ ಒಂದು ಶಾಲೆಗೆ ಹೋಗಿ, ‘ಪೊಟೇಟೊ’ ಎಂದು ಕರಿಹಲಗೆಯ ಮೇಲೆ ಸರಿಯಾಗಿಯೇ ಬರೆದ ಹನ್ನೆರಡು ವರ್ಷದ ಹುಡುಗನಿಂದ ಕೊನೆಗೊಂದು ‘ಇ’ ಸೇರಿಸಿ ಬರೆಯಿಸಿದರು. ಶಾಲೆಯವರು ಅವರ ಕೈಗಿತ್ತ ಚೀಟಿಯಲ್ಲಿಯೇ ಹಾಗಿತ್ತಂತೆ. ಹುಡುಗ ಸರಿಯೆಂದು ತಿಳಿದೂ ತಿದ್ದಿದ, ಎದುರಿಗಿದ್ದವರು ಉಪಾಧ್ಯಕ್ಷರಲ್ಲವೆ!

ನಮ್ಮ ದೇಶದಲ್ಲಿ ಆ ಹುಡುಗನ ಸ್ಥಿತಿಯಲ್ಲಿ ಬಾಳುವವರು ಕೋಟಿಗಟ್ಟಲೆ. 1835ರಲ್ಲಿ ಮೆಕಾಲೆ ಸಾಹೇಬನ ಟಿಪ್ಪಣಿಯಿಂದ ಮೊದಲಾದ ವಿದ್ಯಾಭ್ಯಾಸಕ್ರಮವು ನಮಗೆ ಇಂಗ್ಲಿಷನ್ನು ಕೊಟ್ಟಿತು. ಜೊತೆಯಲ್ಲಿ ಇಂಗ್ಲಿಷಿನ ತಪ್ಪಿಗೆ ನಾಚುವ ಅಭ್ಯಾಸವನ್ನೂ ಕೊಟ್ಟಿತು. ಅಭಿಪ್ರಾಯ ಚೆನ್ನಾಗಿದ್ದರೂ ‘ಎ’, ‘ದಿ’ಗಳು ತಪ್ಪಿದ ತರುಣನನ್ನು ಸಂದರ್ಶನದ ಕೋಣೆಯಲ್ಲಿ ಬುದ್ಧಿಯಿಲ್ಲದವನೆಂದು ಎಣಿಸುತ್ತಾರೆ. ಕನ್ನಡದಲ್ಲಿ ಅಂಥ ಪದವೇ ಇಲ್ಲದಿರುವಾಗ ಅವನಿಗೆ ಅದು ಹುಟ್ಟುಗುಣದಿಂದ ಬರುವುದಾದರೂ ಹೇಗೆ? ಅದೇ ಕೋಣೆಯಲ್ಲಿ ಕುಳಿತ ಮಹನೀಯರು ಹಕಾರ ಬರುವಲ್ಲಿ ಅಕಾರವನ್ನೂ, ಳಕಾರ ಬರುವಲ್ಲಿ ಲಕಾರವನ್ನೂ ಬರೆದರೆ ಅದು ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಪೇಟೆಯ ಬೀದಿಯಲ್ಲಿ ಒಮ್ಮೆ ನಡೆದುನೋಡಿ: ನಾಮಫಲಕದಲ್ಲಿ ಇಂಗ್ಲಿಷ್ ಅಕ್ಷರ ತಪ್ಪಿದರೆ ಅದರ ಚಿತ್ರ ತೆಗೆದು ಊರೆಲ್ಲ ಹಂಚಿ ನಗುತ್ತಾರೆ, ಅದೇ ಫಲಕದ ಕನ್ನಡದಲ್ಲಿ ಒತ್ತು ಕಳಚಿಬಿದ್ದಿದ್ದರೆ ನಗುವವರೂ ಇಲ್ಲ, ಅಳುವವರೂ ಇಲ್ಲ.

ಇನ್ನೊಂದು ಮಾತು. ನಮ್ಮವರು ಅವರ ಪದಗಳನ್ನು ತಪ್ಪಾಗಿ ಬರೆದರೆ ಅಪರಾಧ. ಅವರು ನಮ್ಮ ಊರುಗಳ ಹೆಸರನ್ನು ತಪ್ಪಾಗಿ ಬರೆದುದೇ ಸರಕಾರೀ ದಾಖಲೆ. ಶ್ರೀರಂಗಪಟ್ಟಣ ‘ಸೆರಿಂಗಪಟಂ’ ಆಯಿತು, ಮಡಿಕೇರಿ ‘ಮರ್ಕೇರಾ’ ಆಯಿತು, ಬೆಳಗಾವಿ ‘ಬೆಲ್ಗಾಮ್’ ಆಯಿತು. ಬಾಯಿ ತಿರುಗದೆ ಬರೆದ ಆ ರೂಪಗಳನ್ನು ನಾವೂ ವಿನಯದಿಂದ ಬರೆದೆವು. ಬೆಂಗಳೂರು, ಮೈಸೂರು, ಶಿವಮೊಗ್ಗ ಮೊದಲಾದ 12 ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರದಂತೆ ಬರೆಯಲು ಕಟ್ಟಳೆಯಾದದ್ದು 2014ರ ನವೆಂಬರ್ 1ರಂದು, ಸ್ವಾತಂತ್ರ್ಯ ಬಂದು ಅರುವತ್ತೇಳು ವರ್ಷಗಳಾದ ಮೇಲೆ. ಆಗಲೂ ಹಳೆಯದೇ ಚೆಂದವೆಂದವರು ನಮ್ಮವರೇ.

ಆದರೆ ಅಭಿಮಾನದ ಮಾತಿನಿಂದ ಹೊಟ್ಟೆ ತುಂಬದು. ನಮ್ಮವರ ಇಂಗ್ಲಿಷಿನಲ್ಲಿ ಯಾವ ತಪ್ಪನ್ನು ತಿದ್ದಬೇಕು, ಯಾವುದನ್ನು ಬಿಡಬಹುದು ಎಂಬ ವಿವೇಕ ಬೇಕು. ‘ಈಗಲೇ’, ‘ಇಲ್ಲಿಯೇ’ ಎಂಬಲ್ಲಿನ ಏಕಾರದ ಒತ್ತನ್ನು ಬಿಡಲಾರದೆ ನಾವು ‘ನೌ ಓನ್ಲಿ’, ‘ಹಿಯರ್ ಓನ್ಲಿ’ ಎನ್ನುತ್ತೇವೆ. ಚಿಕ್ಕಪ್ಪನ ಮಗನನ್ನು ಬರಿಯ ‘ಕಸಿನ್’ ಎನ್ನಲು ಮನಸ್ಸು ಒಪ್ಪದೆ ‘ಕಸಿನ್ ಬ್ರದರ್’ ಎನ್ನುತ್ತೇವೆ. ಪ್ರಶ್ನೆ ಕೇಳುವುದಕ್ಕೆ ‘ಡೌಟ್’ ಎನ್ನುತ್ತೇವೆ, ಸಂದೇಹವೆಂಬ ಮಾತಿನ ನೆರಳು ಅದು. ಇವುಗಳಿಂದ ಯಾರ ಮನೆಯೂ ಮುಳುಗುವುದಿಲ್ಲ. ಮುಂದೂಡುವುದಕ್ಕೆ ಎದುರಾಗಿ ಹಿಂದಕ್ಕೆ ತರುವುದನ್ನು ‘ಪ್ರಿಪೋನ್’ ಎಂದುದಕ್ಕೆ ಒಂದು ಕಾಲಕ್ಕೆ ನಕ್ಕರು. ಈಗ ಆಕ್ಸ್‌ಫರ್ಡ್ ನಿಘಂಟು ಅದಕ್ಕೆ ಮಣೆ ಹಾಕಿದೆ. ಷೇಕ್ಸ್‌ಪಿಯರಿಗೆ ಇದ್ದ ಸ್ವಾತಂತ್ರ್ಯದಲ್ಲಿ ಒಂದಾಣೆಯಷ್ಟು ನಮಗೂ ಇರಲಿ.

ತಿದ್ದಲೇಬೇಕಾದವು ಬೇರೆ ಇವೆ, ಅವು ಕಣ್ಣಿಗೆ ತಪ್ಪೆಂದು ಕಾಣುವುದೇ ಇಲ್ಲ. ‘ಹಣ ಬಂದಿಲ್ಲವೇ?’ ಎಂದು ಕೇಳಿದರೆ ಕನ್ನಡಿಗನು ‘ಹೌದು’ ಎನ್ನುತ್ತಾನೆ, ಅಂದರೆ ಬಂದಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ‘ನೋ’ ಎನ್ನಬೇಕು. ‘ಯೆಸ್’ ಎಂದರೆ ಬಂದಿದೆಯೆಂದು ಕೇಳಿದವನು ತಿಳಿಯುತ್ತಾನೆ. ಸಾಕ್ಷಿಯ ಕಟಕಟೆಯಲ್ಲಿಯೋ ಬ್ಯಾಂಕಿನ ಮೇಜಿನ ಮುಂದೆಯೋ ಇದರ ಫಲವೇನಾದೀತೆಂದು ಊಹಿಸಿಕೊಳ್ಳಿ. ‘ಇಬ್ಬರೂ ಬರಲಿಲ್ಲ’ ಎಂಬುದನ್ನು ನಾವು ‘ಬೋತ್ ಡಿಡ್ ನಾಟ್ ಕಮ್’ ಎಂದು ಮಾಡುತ್ತೇವೆ. ಇಬ್ಬರಲ್ಲಿ ಒಬ್ಬನೂ ಬರಲಿಲ್ಲವೆಂಬುದು ನಮ್ಮ ಭಾವ. ಇಂಗ್ಲಿಷಿನ ಜಾಯಮಾನದಲ್ಲಿ ಅದಕ್ಕೆ, ಇಬ್ಬರೂ ಅಲ್ಲ, ಒಬ್ಬ ಮಾತ್ರ ಬಂದ ಎಂಬ ಅರ್ಥಕ್ಕೂ ಎಡೆಯುಂಟು. ‘ನೈದರ್’ ಎಂಬ ಶಬ್ದ ಇರುವುದೇ ಆ ಗೊಂದಲವನ್ನು ತಡೆಯುವುದಕ್ಕೆ. ಶಾಲೆಯಲ್ಲಿ ‘ಇಟ್ಸ್’ನ ಕೊಂಡಿಗೆ ಒಂದು ವಾರ ಕಳೆಯುವ ಉಪಾಧ್ಯಾಯರು ಇದಕ್ಕೆ ಒಂದು ಗಂಟೆ ಕೊಟ್ಟುದನ್ನು ನಾವು ಕಂಡಿಲ್ಲ.

ಒಬ್ಬ ರೈತನ ಮಗ ತನ್ನ ತಂದೆಯ ಪರವಾಗಿ ಒಂದು ಕಚೇರಿಗೆ ಕೊಟ್ಟಿದ್ದ ಅರ್ಜಿಯನ್ನು ಕೆಲವು ದಿನಗಳ ಹಿಂದೆ ನಮ್ಮ ಮುಂದಿಟ್ಟ. ಹೊಸ ಕೊಳವೆಬಾವಿಗೆ ಸಹಾಯಧನ ಬೇಡಿದ ಅರ್ಜಿ ಅದು. ಕನ್ನಡದಲ್ಲಿ ಬರೆದರೆ ಬೆಲೆಯಿರದೆಂದು ಯಾರೋ ಹೇಳಿದ್ದರಿಂದ ಪಾಪ, ಕಷ್ಟಪಟ್ಟು ಇಂಗ್ಲಿಷಿನಲ್ಲಿ ಬರೆದಿದ್ದ. ‘ರಿಸೀವ್’ ಎಂಬಲ್ಲಿ ‘ಇ’, ‘ಐ’ ಅಕ್ಷರಗಳು ತಲೆಕೆಳಗಾಗಿದ್ದುವು. ಅದರ ಸುತ್ತ ಕೆಂಪು ಮಸಿಯ ಒಂದು ವೃತ್ತ ಎಳೆದಿತ್ತು. ಬೇರೊಂದು ಕಡೆ ಇದ್ದ ಅಪಾಸ್ಟ್ರಫಿಗೂ ಅದೇ ಮರ್ಯಾದೆ ಆಗಿತ್ತು. ಮೂರನೆಯ ಸಾಲಿನಲ್ಲಿ, ತನ್ನ ಎರಡು ಬಾವಿಗಳನ್ನು ಕುರಿತು ‘ಬೋತ್ ಆರ್ ನಾಟ್ ವರ್ಕಿಂಗ್’ ಎಂದು ಬರೆದಿದ್ದ. ಅದರ ಮೇಲೆ ವೃತ್ತವಿರಲಿಲ್ಲ, ಗೆರೆಯೂ ಇರಲಿಲ್ಲ. ಒಂದು ಬಾವಿ ಕೆಲಸ ಮಾಡುತ್ತಿರುವಾಗ ಮತ್ತೊಂದರ ಅಗತ್ಯ ಕಾಣುವುದಿಲ್ಲವೆಂದು ಕೆಳಗೆ ಷರಾ ಬರೆದು ಅರ್ಜಿಯನ್ನು ತಿರಸ್ಕರಿಸಿದ್ದರು.

ಕನ್ನಡವು ಈ ರಾಜ್ಯದ ಆಡಳಿತಭಾಷೆಯೆಂದು 1963ರಲ್ಲಿಯೇ ಕಾನೂನಾಗಿದೆ. ಹುಡುಗನಿಗೆ ಅದನ್ನು ತಿಳಿಸಿ, ಕನ್ನಡದಲ್ಲಿ ಇನ್ನೊಂದು ಅರ್ಜಿ ಬರೆಯಹೇಳಿದೆವು. ನಮ್ಮ ಮೇಜಿನ ಬಳಿಯೇ ಕುಳಿತು ಹತ್ತು ನಿಮಿಷದಲ್ಲಿ ಬರೆದ. ‘ಎರಡೂ ಬಾವಿಗಳಲ್ಲಿ ನೀರಿಲ್ಲ’ ಎಂಬ ಆ ಸಾಲಿನಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ.